ಮೂಲೆ ಸೈಟಿನ ಸ್ವರ

ಒಣಗಾಲದ ನೂರಾ ಮೂವತ್ತೆಂಟನೆಯ ವರ್ಷ,
ಆಷಾಢ ಮಾಸ, ನಾಲ್ಕು ಸಾವಿರದ ನೂರಾ ಹನ್ನೊಂದನೆಯ ದಿನ,
ಎರಡನೇ ಪ್ಲಾಟ್‌ಫಾರ್ಮು, ಹಳದಿ ಗೆರೆಯ ಒಳಗಡೆ.

ನಮಗೆ ಆಗಿಹೋದವರೂ, ಇದನ್ನು ಓದುವ ಹೊತ್ತಿಗೆ ಇನ್ನೂ ಚೆನ್ನಾಗಿಯೇ ಇರುವವರೂ ಆದ ಸಮಸ್ತ ಪೂರ್ವಿಕರ ಸನ್ನಿಧಾನಕ್ಕೆ,

ಈ ಮೂಲಕ ಸಕಲ ಕಾಲಗಳಿಗೂ ಸಕಲ ದಿಕ್ಕುಗಳಿಗೂ ಘೋಷಿಸುವುದೇನೆಂದರೆ: ನಮ್ಮ ರೇಡಿಯೋದ ಗುಂಡಿ ಸಿಕ್ಕಿದೆ. ಹದಿಮೂರು ದಿನಗಳಿಂದ ಕಾಣೆಯಾಗಿದ್ದ, ಕರಿಯ ಬಣ್ಣದ, ಅಂಚಿಗೆ ಹಲ್ಲುಗಳಿರುವ, ಒಂದು ಕಡೆ ಸೀಳು ಬಿಟ್ಟ ಸದರಿ ಗುಂಡಿಯು ಇಂದು ಬೆಳಿಗ್ಗೆ ಈ ಸುರಂಗದ ಸಮಸ್ತ ನಿವಾಸಿಗಳ, ಅಂದರೆ ಮೂವತ್ತೈದು ಮಂದಿಯ, ಸಮಕ್ಷಮದಲ್ಲಿ ಪತ್ತೆಯಾಗಿರುತ್ತದೆ. ನಿಮ್ಮ ಕಾಲದಲ್ಲಾಗಿದ್ದರೆ ಇಂಥ ಸುದ್ದಿಗೆ ಪತ್ರಿಕೆಯ ಒಳಪುಟದ ಮೂಲೆಯಲ್ಲೂ ಜಾಗ ಸಿಗುತ್ತಿರಲಿಲ್ಲ, ಬಲ್ಲೆ. ಆದರೆ ನಮ್ಮಲ್ಲಿ ಏನಾದರೂ ಕಳೆದದ್ದು ಮತ್ತೆ ಸಿಕ್ಕಿದ್ದು ನನಗೆ ತಿಳಿದ ಮಟ್ಟಿಗೆ ಇದೇ ಮೊದಲು. ಕಳೆಯುವುದು ಮಾತ್ರ ದಿನವೂ ನಡೆದಿದೆ. ಅದನ್ನು ನಾವು ಸುದ್ದಿ ಎನ್ನುವುದಿಲ್ಲ.

ಇತ್ತ ಕ್ಷೇಮವಿಲ್ಲ. ಅತ್ತಲಿನ ಕ್ಷೇಮ ಸಮಾಚಾರಕ್ಕೆ ಬರೆಯಿರಿ ಎಂದು ಕೇಳುವ ಹಾಗೂ ಇಲ್ಲ. ಈ ಪತ್ರದ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ಮೊದಲಿಗೆ ಮೇಲಿನ ತಾರೀಖು. ಆಷಾಢಕ್ಕೆ ಇಷ್ಟೊಂದು ದಿನ ಹೇಗೆ ಎಂದು ನೀವು ಬೆರಳು ಮಡಿಸುತ್ತಿರಬಹುದು. ಹನ್ನೊಂದು ವರ್ಷದ ಕೆಳಗೆ ನಮ್ಮ ಪಂಚಾಂಗದವರು, ಮಳೆ ಬಾರದೆ ಶ್ರಾವಣವನ್ನು ಹುಟ್ಟಿಸುವುದು ಶಾಸ್ತ್ರಕ್ಕೆ ವಿರೋಧ, ಒಂದು ಹನಿ ಬೀಳಲಿ, ಮುಂದಿನ ತಿಂಗಳು ಕೊಡುತ್ತೇನೆ ಎಂದು ತೀರ್ಪು ಕೊಟ್ಟರು. ಹನಿ ಬೀಳಲಿಲ್ಲ. ಪಂಚಾಂಗದವರು ತೀರಿಕೊಂಡರು. ತೀರ್ಪು ಮಾತ್ರ ಆರೋಗ್ಯವಾಗಿದೆ. ಆಷಾಢದಲ್ಲಿ ಮದುವೆ ಮಾಡಬಾರದೆಂಬುದು ನಿಮಗೂ ಗೊತ್ತು. ಹಾಗಾಗಿ ಹನ್ನೊಂದು ವರ್ಷದಿಂದ ಇಲ್ಲಿ ಒಂದು ಮದುವೆಯೂ ಆಗಿಲ್ಲ. ಹೊಸದಾಗಿ ಮದುವೆಯಾಗಿದ್ದ ಕೊನೆಯ ಜೋಡಿಯಲ್ಲಿ ಹೆಣ್ಣನ್ನು ಪದ್ಧತಿಯಂತೆ ತವರಿಗೆ, ಅಂದರೆ ಎದುರಿನ ಪ್ಲಾಟ್‌ಫಾರ್ಮಿಗೆ, ಕಳಿಸಿದ್ದರು. ಅವಳು ಈಗಲೂ ಅಲ್ಲೇ ಇದ್ದಾಳೆ. ತಲೆ ನೆರೆತಿದೆ. ಗಂಡ ಈ ಕಡೆಯಿಂದ ದಿನಕ್ಕೊಮ್ಮೆ ಕೈ ಬೀಸುತ್ತಾನೆ. ಜಗತ್ತು ಬೆಂಕಿಯಿಂದ ಮುಗಿಯುತ್ತದೆ, ನೀರಿನಿಂದ ಮುಗಿಯುತ್ತದೆ ಎಂದೆಲ್ಲ ನಿಮ್ಮವರು ಹೇಳಿದ್ದರಂತೆ. ನಮ್ಮದು ಪಂಚಾಂಗದಿಂದ ಮುಗಿಯುತ್ತಿದೆ.

ನಾವಿರುವುದು ನಿಮ್ಮ ದೊಡ್ಡ ಊರಿನ ಕೆಳಗೆ, ರೈಲಿಗೆಂದು ತೋಡಿದ ಸುರಂಗದಲ್ಲಿ. ರೈಲು ಬಂದ ಗುರುತು ಕಾಣುವುದಿಲ್ಲ. ಗೋಡೆಯ ಮೇಲೆ ಅದು ಬರುವ ದಿನಾಂಕ ಬರೆದಿದೆ. ಅದನ್ನು ಹೊಡೆದು ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು. ನಮ್ಮ ಮಕ್ಕಳು ಅಂಕಿ ಕಲಿತದ್ದೇ ಆ ಗೋಡೆ ನೋಡಿ. ಪ್ಲಾಟ್‌ಫಾರ್ಮಿನ ಅಂಚಿಗೆ ನೀವು ಎಳೆದ ಹಳದಿ ಗೆರೆಯನ್ನು ನಾವು ಇಂದಿಗೂ ದಾಟುವುದಿಲ್ಲ. ಏಕೆಂದು ಗೊತ್ತಿಲ್ಲ, ದೊಡ್ಡವರು ಸುಮ್ಮನೆ ಎಳೆದಿರುವುದಿಲ್ಲ. ಟಿಕೆಟ್ ಕೊಡುವ ಕಿಟಕಿಯ ಪಕ್ಕದಲ್ಲಿ ಬೀಗ ಹಾಕಿದ ದೂರಿನ ಪೆಟ್ಟಿಗೆಯೊಂದಿದೆ. ಈ ಪತ್ರವನ್ನು ಅದಕ್ಕೇ ಹಾಕುತ್ತೇನೆ. ನಿಮ್ಮ ಕಾಲದಲ್ಲಿ ಅದರಲ್ಲಿ ಹಾಕಿದ ಕಾಗದಗಳು ನಿಮ್ಮ ಕಾಲದ ಯಾರ ಕೈಗೂ ತಲುಪುತ್ತಿರಲಿಲ್ಲವೆಂದು ಕೇಳಿದ್ದೇನೆ. ನಮ್ಮ ಕೈಗೂ ಬಂದಿಲ್ಲ. ಮುಂದಕ್ಕೆ ಬಾರದ್ದು ಹಿಂದಕ್ಕೆ ಹೋಗುತ್ತಿರಲೇಬೇಕು ಎಂಬ ತರ್ಕದ ಮೇಲೆ ನನ್ನ ನಂಬಿಕೆಯೆಲ್ಲ ನಿಂತಿದೆ.

ಇನ್ನು ಪಾಲುಪೆಟ್ಟಿಗೆಯ ವಿಷಯ. ನೀವು ಅದನ್ನು ಪಿಯಾನೋ ಎನ್ನುತ್ತಿದ್ದಿರಂತೆ. ಒಣಗಾಲದ ಮೊದಲ ವರ್ಷ, ಕೆಳಗಿನ ಊರುಗಳೆಲ್ಲ ಕಾದ ಹೆಂಚಾದಾಗ, ಎಂಬತ್ತೆಂಟು ಮನೆಯವರು ಬೆಟ್ಟದ ಮೇಲಿನ ಒಂದು ದೊಡ್ಡ ಹೋಟೆಲಿಗೆ ಹತ್ತಿದರು. ಅಲ್ಲಿದ್ದ ಹಾಸಿಗೆ, ಪಾತ್ರೆ, ಪರದೆಗಳನ್ನೆಲ್ಲ ಹಂಚಿಕೊಂಡದ್ದಾಯಿತು. ಕೊನೆಗೆ ಉಳಿದದ್ದು ಮುಂದಿನ ಪಡಸಾಲೆಯಲ್ಲಿ ಅಲಂಕಾರಕ್ಕೆ ಇಟ್ಟಿದ್ದ, ಮೇಲೆ 'ಮುಟ್ಟಬೇಡಿ' ಎಂಬ ಹಲಗೆಯಿದ್ದ ಒಂದು ಪೆಟ್ಟಿಗೆ. ಮುಚ್ಚಳ ತೆಗೆದು ಎಣಿಸಿದರೆ, ಒತ್ತಿದರೆ ಸ್ವರ ಕೊಡುವ ಪಟ್ಟಿಗಳು ಸರಿಯಾಗಿ ಎಂಬತ್ತೆಂಟು. ಬೇರೆ ಜನವಾಗಿದ್ದರೆ ಕಾಕತಾಳೀಯ ಎಂದು ಮುಚ್ಚಳ ಹಾಕುತ್ತಿದ್ದರು. ನಮ್ಮವರು ಅಂದೇ ಪಂಚಾಯಿತಿ ಕೂರಿಸಿದರು. ಹೊಲ ಮುಳುಗಿದ, ಮನೆ ಸುಟ್ಟ, ಭಾಗ ಮಾಡಿಕೊಳ್ಳಲು ಏನೂ ಇಲ್ಲದೆ ಕೈ ಕಡಿಯುತ್ತಿದ್ದ ಜನ, ಪಾಪ. ಒಂದೊಂದು ಮನೆಗೆ ಒಂದೊಂದು ಪಟ್ಟಿ, ವಂಶಪಾರಂಪರ್ಯವಾಗಿ, ಮಾರುವಂತಿಲ್ಲ, ಎಂದು ಪಾಲುಪಟ್ಟಿ ಬರೆದು ಹೆಬ್ಬೆಟ್ಟು ಒತ್ತಿದರು. ಆ ಪಟ್ಟಿಯ ಸ್ವರವೇ ಆ ಮನೆಯ ಪಾಲುಸ್ವರ. ಕಪ್ಪು ಪಟ್ಟಿಗಳು ತುಸು ಎತ್ತರದಲ್ಲಿದ್ದುದರಿಂದ ಅವು ಸಿಕ್ಕವರು ತಮ್ಮನ್ನು ಮಹಡಿ ಮನೆಯವರು ಎಂದುಕೊಂಡು ಅಂದಿನಿಂದಲೇ ನಡಿಗೆ ಬದಲಿಸಿದರು.

ನಮ್ಮ ಮೂಲಪುರುಷ ಮರಿಹೊನ್ನಯ್ಯನವರು ಒಣಗಾಲಕ್ಕೆ ಮುಂಚೆ ಸೈಟ್ ಬ್ರೋಕರ್ ಆಗಿದ್ದವರು. ಚೀಟಿ ಎತ್ತಿದಾಗ ಅವರದೇ ಮೊದಲು ಬಂದು, ಬೇಕಾದ ಪಟ್ಟಿ ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. ನಟ್ಟನಡುವಿನದನ್ನೇ ಹಿಡಿಯಬಹುದಿತ್ತು. ಅವರು ಪೆಟ್ಟಿಗೆಯನ್ನು ಮೂರು ಸುತ್ತು ಬಂದು, ಬಾಗಿಲ ದಿಕ್ಕು ನೋಡಿ, ಕಣ್ಣು ಕಿರಿದು ಮಾಡಿ, ಬಲತುದಿಯ ಕಟ್ಟಕಡೆಯ ಬಿಳಿ ಪಟ್ಟಿಯ ಮೇಲೆ ಕೈಯಿಟ್ಟರಂತೆ. "ಕಾರ್ನರ್ ಸೈಟು. ಈಶಾನ್ಯ ಮೂಲೆ. ಒಂದೇ ಕಡೆ ನೆರೆಮನೆ, ಆ ಕಡೆ ಓಪನ್ನು. ನಾಳೆ ಲೇಔಟ್ ಮುಂದಕ್ಕೆ ಬೆಳೀತು ಅಂದ್ರೆ ನಮ್ದೇ ಮೊದಲ್ನೇ ಮನೆ" ಎಂದು ಅವರು ಆಡಿದ ಮಾತನ್ನು ನಮ್ಮ ವಂಶದಲ್ಲಿ ಇಂದಿಗೂ ಹಲ್ಲು ಕಡಿಯುತ್ತ ಸ್ಮರಿಸುತ್ತೇವೆ. ಲೇಔಟು ಬೆಳೆಯಲಿಲ್ಲ. ಪಿಯಾನೋಗೆ ಬರೆದ ಸಂಗೀತವೆಲ್ಲ ಹೆಚ್ಚಾಗಿ ನಡುವಿನಲ್ಲೇ ಓಡಾಡುತ್ತದೆ ಎಂಬುದು ಬ್ರೋಕರಿಗೆ ಹೇಗೆ ಗೊತ್ತಾಗಬೇಕು? ಬೆಟ್ಟದಲ್ಲಿ ಉಳಿದಿದ್ದ ಹಳೆಯ ಸಂಗೀತದ ಹಾಳೆಗಳು ಒಂದೇ ಒಂದು ಕೃತಿಯವು, ಹದಿನಾಲ್ಕು ಪುಟ. ಯಾವ ದೇಶದ ಯಾವ ಪುಣ್ಯಾತ್ಮ ಬರೆದನೋ, ಹೆಸರಿದ್ದ ಮೊದಲ ಪುಟ ಹೋಗಿದೆ. ಆ ಪುಣ್ಯಾತ್ಮ ನಲವತ್ತನೆಯ ಪಟ್ಟಿಯನ್ನು ಮನಸಾರೆ ಬಳಸಿದ್ದಾನೆ. ಎಂಬತ್ತೆಂಟನೆಯದನ್ನು ಒಂದೇ ಒಂದು ಸಲವೂ ಮುಟ್ಟಿಲ್ಲ. ನಾವೇ ಒತ್ತಿ ನೋಡೋಣವೆಂದರೆ, 'ಮುಟ್ಟಬೇಡಿ' ಎಂಬ ಹಲಗೆಯನ್ನು ನಮ್ಮವರು ಕಟ್ಟಳೆ ಮಾಡಿಕೊಂಡು, ಹಾಳೆ ನೋಡಿ ನುಡಿಸುವ ಒಂದು ಮನೆತನದವರನ್ನು ಬಿಟ್ಟು ಯಾರೂ ಪೆಟ್ಟಿಗೆ ಮುಟ್ಟಕೂಡದೆಂದು ಪಾಲಾದ ದಿನವೇ ಬರೆದಿಟ್ಟಿದ್ದರು. ನೂರಾ ಮೂವತ್ತೆಂಟು ವರ್ಷದಲ್ಲಿ ನಮ್ಮ ಮನೆಯ ಸ್ವರವನ್ನು ನಮ್ಮಲ್ಲಿ ಒಬ್ಬರೂ ಕೇಳಿಲ್ಲ.

ಕೇಳದಿದ್ದರೆ ಏನು ಮುಳುಗಿತು ಎನ್ನಬೇಡಿ. ನಮ್ಮಲ್ಲಿ ಜಾತಕ ನೋಡುವುದಿಲ್ಲ, ಸ್ವರ ನೋಡುತ್ತಾರೆ. ಪಕ್ಕಪಕ್ಕದ ಪಟ್ಟಿಗಳು ಕೂಡಿದರೆ ಕಿವಿಗೆ ಚುಚ್ಚುತ್ತವೆ, ಆದ್ದರಿಂದ ಪಕ್ಕದ ಮನೆಗೆ ಹೆಣ್ಣು ಕೊಡುವುದಿಲ್ಲ. ನಡುವೆ ಇಷ್ಟು ಮನೆ ಬಿಟ್ಟರೆ ಹಾಲುಜೇನು, ಅಷ್ಟು ಬಿಟ್ಟರೆ ಎಣ್ಣೆಸೀಗೇಕಾಯಿ ಎಂದು ಹಿರಿಯರು ಎರಡೂ ಸ್ವರಗಳನ್ನು ನೆನಪಿನಲ್ಲೇ ಕೂಡಿಸಿ ತಲೆದೂಗುತ್ತಾರೆ. ನನ್ನ ಸೋದರತ್ತೆ ಕೆಂಪದೇವಮ್ಮನವರಿಗೆ ಹತ್ತೊಂಬತ್ತು ತುಂಬಿದಾಗ ಮೂರು ಕಡೆಯಿಂದ ಸಂಬಂಧ ಬಂತು. ಮೂರು ಸಲವೂ ಹಿರಿಯರು ಕಣ್ಣು ಮುಚ್ಚಿ ಕೂಡಿಸಲು ಕೂತು, ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಹುಡುಗಿಯೇನೋ ಲಕ್ಷಣವಾಗವಳೆ. ಕೇಳದೇ ಇರೋ ಸ್ವರಕ್ಕೆ ಜೋಡಿ ಹೆಂಗೆ ನೋಡಾದು?" ಎಂದು ಎದ್ದುಹೋದರು. ನಮ್ಮಪ್ಪನಿಗೂ ಅದೇ ಸ್ವರ. ಅವನ ಮದುವೆಯಲ್ಲಿ ಅದೇ ಹಿರಿಯರು, "ಗಂಡು ತಾನೆ, ಸ್ವರ ಯಾವುದಾದ್ರೇನು?" ಎಂದು ಎರಡು ಸಲ ಬಡಿಸಿಕೊಂಡು ಉಂಡರು. ಅತ್ತೆಗೆ ಈಗ ಎಂಬತ್ತನಾಲ್ಕು. ತಪ್ಪಿದೆ, ಬರೆಯುವ ಅಭ್ಯಾಸ. ಅತ್ತೆಗೆ ಎಂಬತ್ತನಾಲ್ಕಾಗಿತ್ತು. ಬದುಕಿನಲ್ಲಿ ಅವರು ಇನ್ನೇನನ್ನೂ ಕೇಳಲಿಲ್ಲ. "ಸಾಯೋದ್ರೊಳಗೆ ಒಂದ್ ಸಲ ಅದು ಹೆಂಗದೆ ಅಂತ ಕೇಳ್ಬೇಕು ಕಣ್ಲಾ ಹೊನ್ನಾ. ಅದಕ್ಕೋಸ್ಕರ ತಾನೆ ನಾನು ಹಿಂಗೆ ಕೂತಿರೋದು?" ಎನ್ನುತ್ತಿದ್ದರು.

ಬೆಟ್ಟದ ಬುಗ್ಗೆ ಬತ್ತಿದ ಮೇಲೆ ಮನೆಗಳೆಲ್ಲ ಸಿಕ್ಕ ಸಿಕ್ಕ ಸುರಂಗ, ಗಣಿ, ಗುಹೆಗಳಿಗೆ ಚದುರಿದವು. ಪಾಲುಪೆಟ್ಟಿಗೆಯನ್ನು ಇಳಿಸಲಾಗಲಿಲ್ಲ. ಅದನ್ನು ನುಡಿಸುವ ಮನೆತನ ಮಾತ್ರ ಅಲ್ಲೇ ಉಳಿಯಿತು. ಈಗಿರುವವರು ಸೆರಾಫಿನಾಬಾಯಿ, ಅವರಿಗೂ ಎಪ್ಪತ್ತರ ಮೇಲೆ. ಹೋಟೆಲಿನ ಮಾಳಿಗೆಯ ಮೇಲೆ ಬಿಸಿಲಿನಿಂದ ಓಡುವ ಪ್ರಸಾರ ಯಂತ್ರವಿದೆ. ಬಿಸಿಲನ್ನು ಹಿಡಿದಿಡುವ ಬ್ಯಾಟರಿಗಳು ನಮ್ಮ ಅಜ್ಜಂದಿರ ಕಾಲಕ್ಕೇ ಸತ್ತವು, ಹಾಗಾಗಿ ಸೂರ್ಯ ನೆತ್ತಿಗೆ ಬಂದಾಗಷ್ಟೇ ಅದು ಬಾಯಿ ಬಿಡುತ್ತದೆ. ವರ್ಷಕ್ಕೊಮ್ಮೆ, ಎರಡರಲ್ಲಿ ಮೊದಲು ಬರುವ ನೆರಳಿಲ್ಲದ ದಿನ, ಅಂದರೆ ನಡುಮಧ್ಯಾಹ್ನ ನೆಟ್ಟ ಕೋಲಿನ ನೆರಳು ಕೋಲಿನ ಬುಡಕ್ಕೇ ಬಂದು ಅಡಗುವ ದಿನ, ಸೆರಾಫಿನಾಬಾಯಿ ನುಡಿಸುತ್ತಾರೆ. ಅದು ನೇರ ಪ್ರಸಾರ. ಅವರ ಕೆಮ್ಮು, ಕುರ್ಚಿಯ ಕಿರುಗುಟ್ಟು, ಮೇಲೆ ಓಡುವ ಇಲಿ, ಎಲ್ಲವೂ ಆ ಕ್ಷಣದ್ದೇ. ಬೇರೆ ಎಲ್ಲೋ ಒಂದು ಇಲಿ ಬದುಕಿದೆ ಎಂಬುದಕ್ಕೆ ನಮಗಿದ್ದ ಏಕೈಕ ಆಧಾರ ಅದು. ನಮ್ಮ ರೇಡಿಯೋ ಕೂಡ ಹಾಗೆಯೇ ನಡುಮಧ್ಯಾಹ್ನದ ಪ್ರಾಣಿ. ಸುರಂಗದ ಬಾಯಲ್ಲಿರುವ ಬಿಸಿಲಿನ ಫಲಕದಿಂದ ಒಂದೇ ತಂತಿ ಇಳಿದು ನೀರಿನ ಪಂಪಿಗೂ ಅದಕ್ಕೂ ಹೋಗುತ್ತದೆ. ರೇಡಿಯೋ ಹಾಡಿದಷ್ಟು ಹೊತ್ತು ಪಂಪು ಏದುಸಿರು ಬಿಡುತ್ತದೆ. ಆದ್ದರಿಂದ ಕೃತಿ ಮುಗಿದ ತಕ್ಷಣ ಗುಂಡಿ ತಿರುಗಿಸಿ ಆರಿಸಬೇಕೆಂಬ ಕಟ್ಟಳೆ. ತಿರುಗಿಸುವ ಹಕ್ಕು ನಲವತ್ತನೇ ಮನೆಯ ಹೊಂಬಾಳಯ್ಯನವರದು. ನಡುಮನೆಯವರು, ಕೂರುವುದೂ ನಡುವೆ, ಮಾತಾಡುವುದೂ ನಡುವೆ ಬಾಯಿ ಹಾಕಿ.

ಒಂದು ಮಾತು ಬಿಟ್ಟೆ. ತಂತಿಗಳು ಹರಿಯುತ್ತ ಬಂದಿವೆ. ತಂತಿ ಹರಿದ ಪಟ್ಟಿಯನ್ನು ಒತ್ತಿದರೆ ಒಳಗಿನ ಮರದ ಸುತ್ತಿಗೆ ಎದ್ದು, ಹೊಡೆಯಲು ಏನೂ ಸಿಗದೆ, ಟಕ್ ಎಂದು ಸುಮ್ಮನಾಗುತ್ತದೆ. ಹಾಗಾದ ಮನೆಗೆ ಮೂರು ದಿನ ಸೂತಕ. ಆಮೇಲೆ ಅದಕ್ಕೆ ಮೌನದ ಮನೆ ಎಂದು ಹೆಸರು. ಅವರು ಹಿಂದಿನ ಸಾಲಿನಲ್ಲಿ ಕೂರಬೇಕು. ಸೆರಾಫಿನಾಬಾಯಿ ಸತ್ತ ಪಟ್ಟಿಗಳನ್ನೂ ಬಿಡದೆ ಒತ್ತುತ್ತಾರೆ. ಟಕ್ ಎಂದಾಗ ಆ ಮನೆಯವರು ತಲೆ ತಗ್ಗಿಸುತ್ತಾರೆ. ಐವತ್ತೊಂಬತ್ತು ಪಟ್ಟಿಗಳು ಹೋಗಿವೆ. ಈಗೀಗ ಇಡೀ ಕೃತಿ ಕೇಳಿದರೆ ಯಾರೋ ಕತ್ತಲಲ್ಲಿ ಮರದ ಮೆಟ್ಟಿಲು ಹತ್ತುತ್ತಿರುವಂತೆ, ನಡುನಡುವೆ ಒಂದೊಂದು ಮೆಟ್ಟಿಲು ತಾನಾಗಿ ಹಾಡಿದಂತೆ ಇರುತ್ತದೆ. ನಮ್ಮ ಪಟ್ಟಿಯ ತಂತಿ ಮಾತ್ರ ಹರಿದ ಸುದ್ದಿ ಬಂದಿಲ್ಲ. ಮುಟ್ಟಿದ್ದರೆ ತಾನೆ ಹರಿಯುವುದು? ಹೊಂಬಾಳಯ್ಯ ಇದನ್ನು ಪ್ರತಿವರ್ಷ ತಪ್ಪದೆ ಹೇಳುತ್ತಿದ್ದರು. "ಏನ್ ಕೆಂಪದೇವಮ್ಮ, ನಿಮ್ ಸೈಟಲ್ಲಿ ಇನ್ನೂ ಪಾಯ ತೋಡ್ಲಿಲ್ವಾ? ಬೇಲಿನಾದ್ರೂ ಹಾಕ್ಸಿ, ಯಾರಾದ್ರೂ ಒತ್ತುವರಿ ಮಾಡ್ಕೊಂಡಾರು!" ಅತ್ತೆ ಸುಮ್ಮನಿರುವವರಲ್ಲ. "ನಿಮ್ದು ನಡುಬೀದಿ ಮನೆ ಕಣಪ್ಪ. ಹೋಗೋ ಬರೋರೆಲ್ಲ ಕೈ ಹಾಕವ್ರೆ" ಎನ್ನುತ್ತಿದ್ದರು.

ಈ ವರ್ಷದ ನೆರಳಿಲ್ಲದ ದಿನಕ್ಕೆ ಇಪ್ಪತ್ತೈದು ದಿನ ಮುಂಚೆ ಅತ್ತೆ ಬೆಟ್ಟಕ್ಕೆ ಚೀಟಿ ಕಳಿಸಿದರು. ಬಿಸಿಲಿಳಿದ ಮೇಲೆ ನಡೆದು, ಹಗಲು ಸಂದಿಯಲ್ಲಿ ಮಲಗಿ, ಊರಿಂದೂರಿಗೆ ಕಾಗದ ಒಯ್ಯುವ ಒಬ್ಬ ನಡೆದಾಳು ಇನ್ನೂ ಉಳಿದಿದ್ದ. ಚೀಟಿಯ ಜೊತೆಗೆ ಮೂರು ಹಿಡಿ ಹುರುಳಿ, ಅವರ ಪಾಲಿನ ಊಟದಿಂದ ದಿನಕ್ಕೆ ನಾಲ್ಕು ಕಾಳಿನಂತೆ ತೆಗೆದಿಟ್ಟದ್ದು. ಚೀಟಿಯಲ್ಲಿ ನನ್ನ ಕೈಯಲ್ಲಿ ಬರೆಸಿದ್ದು ಒಂದೇ ಸಾಲು: ಎಂಬತ್ತೆಂಟನ್ನು ಒಂದು ಸಲ ಬಾರಿಸೋದು, ಕೃತಿ ಆದ ಮೇಲಾದರೂ ಸರಿ. ನಡೆದಾಳು ತಿರುಗಿ ಬರಲಿಲ್ಲ. ಚೀಟಿ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಆದರೆ ಅತ್ತೆಗೆ ಇನ್ನೊಂದು ಚಿಂತೆ ಹತ್ತಿತ್ತು, ಅದನ್ನು ಅವರು ನನಗೂ ಹೇಳಲಿಲ್ಲ. ಕೃತಿ ಆದ ಮೇಲೆ ಬಾರಿಸಿದರೆ ಪ್ರಯೋಜನವೇನು? ಕೃತಿ ಆದ ತಕ್ಷಣ ಹೊಂಬಾಳಯ್ಯ ಗುಂಡಿ ತಿರುಗಿಸುತ್ತಾರಲ್ಲ?

ಆ ದಿನ ಎಲ್ಲರೂ ತಮ್ಮ ತಮ್ಮ ಸಾಲಿನಲ್ಲಿ ಕೂತೆವು. ಮೇಲೆ ಕೋಲು ನೋಡುತ್ತಿದ್ದವರು ನೆರಳು ಅಡಗಿತೆಂದು ಕೂಗಿದರು. ಹೊಂಬಾಳಯ್ಯ ಎದ್ದು, ಕೈ ಒರೆಸಿಕೊಂಡು, ಗುಂಡಿಯನ್ನು ಮದುವೆಯ ಉಂಗುರ ತೊಡಿಸುವಷ್ಟು ಗಂಭೀರವಾಗಿ ತಿರುಗಿಸಿದರು. ರೇಡಿಯೋ ಗರಗರ ಎಂದಿತು. ಅತ್ತೆ ಕೋಲೂರಿಕೊಂಡು ಹೋಗಿ, ಎಂದೂ ಇಲ್ಲದ ಅಕ್ಕರೆಯಿಂದ, "ಬಾಯಾರಿರ್ತೀಯ ಕಣಪ್ಪ, ತಗಾ" ಎಂದು ತಮ್ಮ ಪಾಲಿನ ನೀರಿನ ಲೋಟ ಚಾಚಿದರು. ನೂರಾ ಮೂವತ್ತೆಂಟು ವರ್ಷದ ಜಗಳ ಮುಗಿಯಿತೆಂದು ಹಿಂದಿನ ಸಾಲಿನವರೊಬ್ಬರು ಕಣ್ಣೊರೆಸಿಕೊಂಡರು. ಹೊಂಬಾಳಯ್ಯ ತಲೆಯೆತ್ತಿ ನೀರು ಕುಡಿದರು. ತಲೆಯೆತ್ತಿ ಕುಡಿಯುವವನಿಗೆ ಕೆಳಗೆ ಏನಾಗುತ್ತದೆಂದು ಕಾಣುವುದಿಲ್ಲ.

"ಎಲ್ಲರೂ ಇದ್ದೀರಲ್ಲ? ಇದ್ದವರು ಕೇಳಿ" ಎಂದು ಸೆರಾಫಿನಾಬಾಯಿಯ ದನಿ ಬಂತು. ಮೂಲ ಕರಾವಳಿಯವರು, ಕರಾವಳಿ ಮುಳುಗಿ ಎಷ್ಟೋ ತಲೆಮಾರಾದರೂ ಮಾತು ಮುಳುಗಿಲ್ಲ. ನುಡಿಸಲು ತೊಡಗಿದರು. ಟಕ್ ಟಕ್, ಒಂದು ಸ್ವರ, ಟಕ್, ಎರಡು ಸ್ವರ. ಐದನೆಯ ಪುಟಕ್ಕೆ ಬಂದು ನಿಲ್ಲಿಸಿದರು. "ಇಲ್ಲಿ ಎರಡು ಪುಟ ಗೆದ್ದಲು ತಿಂದಿದೆ. ಸ್ವಲ್ಪ ಸುಮ್ಮನೆ ಕೂತುಕೊಳ್ಳುವ, ಆಯ್ತಾ?" ಆ ಎರಡು ಪುಟ ನುಡಿಸಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಅವರು ಅಲ್ಲಿ ಸುಮ್ಮನೆ ಕೂರುತ್ತಾರೆ, ನಾವು ಇಲ್ಲಿ ಸುಮ್ಮನೆ ಕೂರುತ್ತೇವೆ. ಪ್ರತಿವರ್ಷದ ಪದ್ಧತಿ. ನನಗೆ ಇಡೀ ಕೃತಿಯಲ್ಲಿ ಅದೇ ಭಾಗ ಇಷ್ಟ. ಅಲ್ಲಿ ಎಲ್ಲ ಮನೆಗಳಿಗೂ ಸಮಪಾಲು.

ಹನ್ನೊಂದನೆಯ ಪುಟದಲ್ಲಿ ಅನಾಹುತವಾಯಿತು. ನಡುವಿನ ಪಟ್ಟಿಗಳಿಗೆ ಮೂರು ಮೂರು ತಂತಿಯಂತೆ; ನಲವತ್ತರಲ್ಲಿ ಎರಡು ಹಿಂದೆಯೇ ಹೋಗಿದ್ದವು. ಮೂರನೆಯದು ಚಾಟಿ ಬೀಸಿದಂತೆ ಹರಿದ ಸದ್ದು ಬಂತು. ಆಮೇಲೆ ಟಕ್. ಅದೇ ಪಟ್ಟಿಗೆ ಮತ್ತೆ ಕೆಲಸ ಬಂತು, ಮತ್ತೆ ಟಕ್. ಆ ಪುಣ್ಯಾತ್ಮ ಅದನ್ನು ಬಹಳ ಬಳಸಿದ್ದಾನೆಂದು ಮೊದಲೇ ಹೇಳಿದೆನಲ್ಲ, ಕೊನೆಯ ಪುಟದವರೆಗೂ ಟಕ್, ಟಕ್. ಹೊಂಬಾಳಯ್ಯನವರ ಮುಖ ನೋಡಲಾಗಲಿಲ್ಲ. ಹಿಂದಿನ ಸಾಲಿನವರು ಯಾರೂ ಕರೆಯದಿದ್ದರೂ ಸರಿದು ಒಬ್ಬರಿಗಾಗುವಷ್ಟು ಜಾಗ ಮಾಡಿದರು. ಕೃತಿ ಮುಗಿಯಿತು. ಹೊಂಬಾಳಯ್ಯ ಎದ್ದು, "ಸಾಕು, ಆರ್ಸಣ" ಎಂದು ಗುಂಡಿಗೆ ಕೈ ಹಾಕಿದರು. ಗುಂಡಿಯಿದ್ದ ಕಡೆ ತೂತಿತ್ತು. ಒಳಗೆ ಬೆರಳು ಹೋಗುವುದಿಲ್ಲ. "ಗುಂಡಿ ಎಲ್ಲಿ? ಯಾವನ್ಲಾ ಗುಂಡಿ ಕಿತ್ತವನು?" ಎಂದು ಅವರು ಅಳುವ ದನಿಯಲ್ಲಿ ಕೂಗಿದರು. ಎಲ್ಲರೂ ಯಾಕೋ ನನ್ನ ಕಡೆಗೇ ನೋಡಿದರು. ಅತ್ತೆ ಮಾತ್ರ ಬೆರಳು ತುಟಿಗಿಟ್ಟು, "ಶ್!" ಎಂದರು.

ರೇಡಿಯೋದಲ್ಲಿ ಸೆರಾಫಿನಾಬಾಯಿ ಮಾತಾಡುತ್ತಿದ್ದರು. ನಾವು ಎಂದೂ ಕೇಳಿರದ ಮಾತು, ಏಕೆಂದರೆ ಎಂದೂ ಅಲ್ಲಿಯವರೆಗೆ ಬಿಟ್ಟಿರಲಿಲ್ಲ. "ನಲವತ್ತರವರಿಗೆ ಬೇಸರ ಮಾಡಬೇಡಿ ಅಂತ ಹೇಳಿ. ನನ್ನ ಬೆರಳೂ ಆಗುವುದಿಲ್ಲ ಇನ್ನು. ಬರುವ ವರ್ಷ ಇಲ್ಲ ಮಾರಾಯ್ರೆ, ಇದೇ ಕೊನೆಯದ್ದು. ನೀರೂ ಮುಗಿಯಿತು ಇಲ್ಲಿ." ಸ್ವಲ್ಪ ಹೊತ್ತು ಬರೀ ಗರಗರ. "ಎಂಬತ್ತೆಂಟರವರೆ, ಇದ್ದೀರಾ? ನಿಮ್ಮ ಚೀಟಿ ಸಿಕ್ಕಿತು. ಹುರುಳಿ ಸಿಗಲಿಲ್ಲ. ತಂದವನ ಹೊಟ್ಟೆಯಲ್ಲಿ ಉಂಟು, ಅವನಿಗೆ ಬೈಯಬೇಡಿ, ಅವನು ಇಲ್ಲೇ ತೀರಿಕೊಂಡ. ಈಗ ನುಡಿಸುತ್ತೇನೆ. ಇಗೊಳ್ಳಿ."

ಅತ್ತೆ ಕೋಲು ಬಿಟ್ಟು ರೇಡಿಯೋಗೆ ಕಿವಿ ಹಚ್ಚಿದರು. ಮೂವತ್ತಾರು ಮಂದಿಯೂ ಉಸಿರು ಹಿಡಿದರು, ಹೊಂಬಾಳಯ್ಯನವರೂ. ಬಂತು.

ಟಕ್.

ಅಷ್ಟೇ. ಸತ್ತ ಮನೆಗಳ ಟಕ್ಕಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆದರೆ ಅತ್ತ ಸೆರಾಫಿನಾಬಾಯಿ ಸುಮ್ಮನಾಗಿದ್ದರು. ಆಮೇಲೆ, "ಅಬ್ಬ" ಎಂದರು. "ಎಂಥ ಚಂದ ಉಂಟು! ಇಷ್ಟು ವರ್ಷ ಇದರ ಪಕ್ಕದಲ್ಲೇ ಕೂತು ನಾನು ಮುಟ್ಟಲೇ ಇಲ್ಲ ನೋಡಿ. ಇನ್ನೊಮ್ಮೆ ಕೇಳಿ, ಹರಿದರೆ ಹರಿಯಲಿ." ಟಕ್. "ಕೇಳಿತಲ್ಲ? ಅಯ್ಯೋ ದೇವರೇ. ಇನ್ನೊಂದು ಸಲ." ಟಕ್. ಅವರು ನಗುತ್ತಿದ್ದರು. ಅಷ್ಟರಲ್ಲಿ ಮೇಲೆ ಕೋಲಿಗೆ ನೆರಳು ಹುಟ್ಟಿರಬೇಕು. ದನಿ ಕ್ಷೀಣಿಸಿ, ಗರಗರದಲ್ಲಿ ಕರಗಿಹೋಯಿತು.

 ತಂತಿ ಕೆಲಸ ನೋಡಿಕೊಳ್ಳುವ ನೀಲಮ್ಮ, ಸತ್ಯ ಹೇಳಿದರೆ ಸಮಾಧಾನವಾಗುತ್ತದೆಂದು ನಂಬಿದವರ ಹಾಗೆ, ಮೆಲ್ಲಗೆ ವಿವರಿಸಿದಳು. "ಅಷ್ಟೆತ್ತರದ ಸ್ವರ ಈ ರೇಡಿಯೋಗೆ ಹತ್ತಲ್ಲ ಕಣಜ್ಜಿ. ಹರಿದೋದ ಸ್ಪೀಕರಿಗೆ ಇಡ್ಲಿ ತಟ್ಟೆ ಕಟ್ಟಿದೀವಿ. ನಡುವಿಂದು ಬರತ್ತೆ, ಮೇಲಿಂದು ಬರಲ್ಲ. ಅವರು ಯಾವತ್ತು ಬಾರಿಸಿದ್ರೂ ನಮಗೆ ಬರೀ ಮರದ ಸದ್ದೇ ಕೇಳ್ತಿದ್ದಿದ್ದು." ಅತ್ತೆ ಆ ತಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಟಕ್ಕಾ?" ಎಂದರು. "ಎಲ್ಲಾ ಬುಟ್ಟು, ಟಕ್ಕಾ? ಥೂ, ನಿನ್ನ ಈಶಾನ್ಯ ಮೂಲೆಗೆ ಬೆಂಕಿ ಬೀಳಾ, ಮರಿಹೊನ್ನಯ್ಯ!" ಯಾರೂ ನಗಲಿಲ್ಲ. ನಲವತ್ತರ ಹೊಂಬಾಳಯ್ಯ ಎದ್ದು ಬಂದು, ತಾವು ಕುಡಿದಿಟ್ಟಿದ್ದ ಲೋಟಕ್ಕೆ ತಮ್ಮ ಪಾಲಿನ ನೀರು ಬಗ್ಗಿಸಿ ಅವರ ಮುಂದಿಟ್ಟು, ಹಿಂದಿನ ಸಾಲಿಗೆ ಹೋಗಿ ಕೂತರು.

ಗುಂಡಿಯಿಲ್ಲದ ರೇಡಿಯೋವನ್ನು ಆರಿಸಲಾಗಲಿಲ್ಲ. ತಂತಿ ಕಿತ್ತರೆ ಪಂಪೂ ನಿಲ್ಲುತ್ತದೆ. ಹಾಗಾಗಿ ಅದು ದಿನವೂ ನಡುಮಧ್ಯಾಹ್ನ ಎಚ್ಚೆತ್ತು, ಒಂದು ಗಳಿಗೆ ಗರಗರ ಎಂದು, ಮಲಗಿತು. ಅತ್ತೆ ದಿನವೂ ಅದರ ಮುಂದೆ ಹೋಗಿ ಕೂತರು. ಏನು ಬರುತ್ತದೆಂದು ಕೂರುತ್ತೀರಿ ಅತ್ತೆ, ಅವರೇ ಮುಗಿಯಿತೆಂದರಲ್ಲ, ಎಂದು ಕೇಳಿದೆ. "ಆವಮ್ಮನಿಗೆ ಕೇಳಿಸ್ತಲ್ಲ ಕಣ್ಲಾ" ಎಂದರು. "ಸುಳ್ಳೇಳೋ ಹೆಂಗಸಲ್ಲ ಅದು, ಹುರುಳಿ ಬರ್ಲಿಲ್ಲ ಅಂತ್ಲೇ ಹೇಳ್ಬುಡ್ತು. ಚೆನ್ನಾಗದೆ ಅಂದ್ಮೇಲೆ ಚೆನ್ನಾಗೇ ಅದೆ. ನಂಗೆ ಕೇಳದೇ ಹೋದ್ರೆ ಅದ್ಕೇನ್ ಕಡಿಮೆ ಆಯ್ತು?" ಇದನ್ನು ಸಮಾಧಾನದ ಮಾತು ಎಂದುಕೊಳ್ಳಬೇಡಿ. ಹೇಳುವಾಗ ಅವರು ಅಳುತ್ತಿದ್ದರು. ಹನ್ನೆರಡನೆಯ ದಿನ ಮಧ್ಯಾಹ್ನ ರೇಡಿಯೋ ಮಲಗಿದ ಮೇಲೂ ಅವರು ಏಳಲಿಲ್ಲ. ಇಂದು ಬೆಳಿಗ್ಗೆ ಅವರನ್ನು ಸುರಂಗದ ಕೊನೆಗೆ ಒಯ್ಯುವ ಮೊದಲು ಸೀರೆ ಬದಲಿಸುವಾಗ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದರು. ಎಲೆಯನ್ನೂ ಅಡಿಕೆಯನ್ನೂ ನಮ್ಮಲ್ಲಿ ಯಾರೂ ಕಂಡವರಲ್ಲ, ಚೀಲಕ್ಕೆ ಆ ಹೆಸರು ಮಾತ್ರ ಉಳಿದಿದೆ. ಅದರೊಳಗೆ ಗುಂಡಿಯಿತ್ತು. ನನ್ನ ಮೇಲಿದ್ದ ಆರೋಪ ವಜಾ ಆಯಿತು. ಗುಂಡಿಯನ್ನು ಹೊಂಬಾಳಯ್ಯನವರ ಕೈಗೆ ಕೊಟ್ಟರು. ಅವರು ಅದನ್ನು ತಿರುಗಿಸಿ ನೋಡಿ, ಮೌನದ ಮನೆಯವರಾದ ತಮಗೆ ಈಗ ಹಕ್ಕಿಲ್ಲವೆಂದು ನನ್ನ ಕೈಗೆ ಹಾಕಿದರು.

ಆರಿಸಿದರೆ ಪಂಪಿಗೆ ಅನುಕೂಲ. ಪಂಪು ಎತ್ತುವ ನೀರು, ನೀಲಮ್ಮನ ಪ್ರಕಾರ, ಇನ್ನು ಬಹಳ ದಿನದ್ದಲ್ಲ. ಆದ್ದರಿಂದ ಅನುಕೂಲವೂ ಬಹಳ ದಿನದ್ದಲ್ಲ. ನಿಮಗೆ ಎಚ್ಚರಿಕೆ ಕೊಡಬೇಕೆಂದು ಈ ಬಗೆಯ ಪತ್ರಗಳ ರೂಢಿಯಂತೆ. ಕೊಟ್ಟು ಏನು ಪ್ರಯೋಜನ? ನಿಮಗೆ ಮೊದಲೇ ಬೇಕಾದಷ್ಟು ಜನ ಕೊಟ್ಟಿದ್ದರು, ನೀವು ಅದನ್ನೂ ದೂರಿನ ಪೆಟ್ಟಿಗೆಗೇ ಹಾಕಿದಿರಿ. ಮಳೆ ತರಿಸಿ ಎಂದಾಗಲಿ, ಮರ ಉಳಿಸಿ ಎಂದಾಗಲಿ ನಾನು ಕೇಳುವುದಿಲ್ಲ. ನಿಮ್ಮ ಕೈಯಲ್ಲಿ ಆಗುವಂಥದ್ದನ್ನೇ ಕೇಳುತ್ತೇನೆ. ಎಂದಾದರೂ ನೀವು ಯಾವುದಾದರೂ ದೊಡ್ಡ ಹೋಟೆಲಿಗೆ ಹೋದಾಗ, ಪಡಸಾಲೆಯಲ್ಲಿ ಒಂದು ಪಿಯಾನೋ, ಅದರ ಮೇಲೆ 'ಮುಟ್ಟಬೇಡಿ' ಎಂಬ ಹಲಗೆ ಕಂಡರೆ, ಯಾರೂ ನೋಡದಾಗ ಮುಚ್ಚಳವೆತ್ತಿ, ಬಲತುದಿಯ ಕಟ್ಟಕಡೆಯ ಬಿಳಿ ಪಟ್ಟಿಯನ್ನು ಒಂದೇ ಒಂದು ಸಲ ಒತ್ತಿ. ಸಾಧ್ಯವಾದರೆ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒತ್ತಿ. ಆಗ ನಮ್ಮ ರೇಡಿಯೋ ಎಚ್ಚರವಾಗಿರುತ್ತದೆ, ನಾನು ಅದನ್ನು ಆರಿಸಿಲ್ಲ. ಆಮೇಲೆ ಮರೆಯದೆ ಮುಚ್ಚಳ ಹಾಕಿ. ಇಲಿಗಳಿರುತ್ತವೆ.